ಎಸಿ ಲಾರಿಯಲ್ಲಿ ಅತ್ತೆಯ ಪ್ರಯಾಣ

ಹೊಸ ಲಾರಿಗೆ ಎಸಿ ಇದೆಯೆಂದು ಡ್ರೈವರ್ ಯೋಗೇಶ ಅತ್ತೆಯ ಎದುರು ಹೇಳಬಾರದಿತ್ತು. ಹೇಳಿಬಿಟ್ಟ. ಚಿಕ್ಕಮಗಳೂರಿನಲ್ಲಿ ತಮ್ಮ ತಂಗಿಯ ಮಗಳ ನಿಶ್ಚಿತಾರ್ಥವಿದ್ದ ದಿನ ಜವರಮ್ಮ ರೇಷ್ಮೆ ಸೀರೆ ಉಟ್ಟು, ಮುಖಕ್ಕೆ ಪೌಡರ್ ಮೆತ್ತಿಕೊಂಡು, ಬಣಕಲ್ಲಿನಲ್ಲಿ ಬಂದ ಬಸ್ಸನ್ನು ಬೇಕೆಂದೇ ಬಿಟ್ಟು ಅಳಿಯನ ಲಾರಿ ಹತ್ತಿ ಕುಳಿತರು.

"ಬಸ್ಸಲ್ಲಿ ಬೆವರಿ ಸಾಯಕ್ಕೆ ನಂಗೆಂತ ಕರ್ಮ? ಹಾಕು ನಿನ್ನ ಎಸಿ."

ಹಿಂದೆ ನೂರಿಪ್ಪತ್ತು ಮೂಟೆ ಕಾಫಿ, ಪಕ್ಕದಲ್ಲಿ ಅತ್ತೆ. ಮೂಡಿಗೆರೆಯವರೆಗೆ ಗಾಳಿ ತಣ್ಣಗೇ ಬಂತು. ಹ್ಯಾಂಡ್‌ಪೋಸ್ಟ್ ವೃತ್ತ ದಾಟಿ ಏರು ಸಿಕ್ಕಿದ್ದೇ ತಡ, ಕಾದ ಬಾಣಲೆಗೆ ಮುಖ ಹಿಡಿದಂತೆ ಬಿಸಿಗಾಳಿ ನುಗ್ಗಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತಿತ್ತು.

ಯೋಗೇಶ ಲಾರಿ ನಿಲ್ಲಿಸಿ ಮೆಕ್ಯಾನಿಕ್ ಜಯಪ್ರಕಾಶನಿಗೆ ಫೋನ್ ಮಾಡಿದ.

"ಎಂಜಿನ್ ಕಾದ್ರೆ ಎಸಿ ತಾನಾಗೇ ನಿಲ್ತದೆ ಮಾರಾಯ. ಈಗ ಹೀಟರ್ ಪೂರ್ತಿ ಹಾಕು, ಎಂಜಿನ್ ಬಿಸಿ ಒಂದಷ್ಟು ಕ್ಯಾಬಿನ್‌ಗೆ ಬರ್ತದೆ. ನಿಧಾನಕ್ಕೆ ಆಲ್ದೂರಿಗೆ ಬಂದು ಫೋನ್ ಮಾಡು."

"ಕ್ಯಾಬಿನ್‌ನಲ್ಲಿ ನಮ್ಮತ್ತೆ ಇದಾರೆ."

"ಏನು ಮಾಡದು, ಎಂಜಿನ್ ಹೋದ್ರೆ ಇನ್ನೊಂದು ಸಿಗಲ್ಲ" ಎಂದ ಜಯಪ್ರಕಾಶ.

ಏಪ್ರಿಲ್ ಮಧ್ಯಾಹ್ನ, ಹೀಟರ್ ಹಾಕಿಕೊಂಡು ಲಾರಿ ಆಲ್ದೂರು ಮುಟ್ಟುವಾಗ ಜವರಮ್ಮನ ಪೌಡರ್ ಕೆನ್ನೆ ಬಿಟ್ಟು ಕುತ್ತಿಗೆಗೆ ಇಳಿದಿತ್ತು. ಅವರು ನಿಶ್ಚಿತಾರ್ಥದ ಕರೆಯೋಲೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು.

ಚಹಾ ಅಂಗಡಿ ಎದುರು ಲಾರಿ ನಿಂತಿತು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾದ ಮಾರಯ್ಯ ಅಂಗಡಿಯ ಬೆಂಚಿನಿಂದೆದ್ದು ಬಂದರು. ಕೆಲಸವಿಲ್ಲದ ಆರು ವರ್ಷಗಳಲ್ಲಿ ಅವರಿಗೆ ಗೊತ್ತಿಲ್ಲದ ವಿದ್ಯೆ ಉಳಿದಿರಲಿಲ್ಲ.

"ನೀರು ಖಾಲಿಯಾಗಿರ್ತದೆ. ಮುಚ್ಚಳ ತೆಗೆದು ನೋಡಿದ್ರೆ ಆಯ್ತು."

"ಬಿಸಿ ಇದೆ, ಮುಟ್ಟಬೇಡಿ" ಎಂದು ಯೋಗೇಶ ಹೇಳುವಷ್ಟರಲ್ಲಿ ಅವರು ಕ್ಯಾಬಿನ್ನಿನ ಹಿಂದೆ ಹತ್ತಿ, ಟವೆಲ್ ಸುತ್ತಿ, ನೀರಿನ ಟ್ಯಾಂಕಿನ ಮುಚ್ಚಳ ತಿರುಗಿಸಿಯೇಬಿಟ್ಟರು. ಕೂಲೆಂಟ್ ಬೆರೆತ ಹಸಿರು ನೀರು ಬುಸ್ಸೆಂದು ಚಿಮ್ಮಿತು. ಮಾರಯ್ಯ ಸಮಯಕ್ಕೆ ಸರಿಯಾಗಿ ಹಾರಿದರು. ಗಾಳಿಗೆಂದು ಕೆಳಗಿಳಿದು ನಿಂತಿದ್ದ ಜವರಮ್ಮನ ರೇಷ್ಮೆ ಸೆರಗು ಹಾರಲಿಲ್ಲ.

"ನೀರಿತ್ತು" ಎಂದು ಮಾರಯ್ಯ ತೀರ್ಪು ಕೊಟ್ಟರು.

ಎಂಜಿನ್ ತಣಿದ ಮೇಲೆ ನೀರು ತುಂಬಿಸಿ ಯೋಗೇಶ ಮತ್ತೆ ಫೋನ್ ಮಾಡಿದ. "ಎಂಜಿನ್ ಸ್ಟಾರ್ಟ್ ಮಾಡಿ, ಮುಂದಿನ ಜಾಲರಿ ಮೇಲೆ ಒಂದು ಕಾಗದ ಹಿಡಿ. ಒಳಗೆ ಎಳ್ಕೊಂಡ್ರೆ ಫ್ಯಾನ್ ಸರಿ ಇದೆ ಅಂತ" ಎಂದ ಜಯಪ್ರಕಾಶ.

ಜವರಮ್ಮ ಕೈಲಿದ್ದ ಕರೆಯೋಲೆಯನ್ನೇ ಕೊಟ್ಟರು. ಅದನ್ನು ಹಿಡಿದು ಲಾರಿಯ ಮುಂದೆ ಹೋದ ಯೋಗೇಶ ಹಾಗೇ ನಿಂತ. ಕಾಗದ ಹಿಡಿಯಲು ಜಾಗವೇ ಇರಲಿಲ್ಲ. ಅಲ್ಲಿ ಲಾರಿ ಯಜಮಾನ ಬಸವರಾಜು ಇದ್ದರು.

ಬೆಳೆಗಾರರ ಸಂಘದ ಅಧ್ಯಕ್ಷಗಿರಿಗೆ ರುದ್ರೇಶ್ ಎಂಬವರ ವಿರುದ್ಧ ನಿಂತಿದ್ದ ಬಸವರಾಜು ಹಿಂದಿನ ಸಂಜೆ ತಮ್ಮ ಆಳೆತ್ತರದ ಫ್ಲೆಕ್ಸನ್ನು ಲಾರಿಯ ಮೂತಿಗೆ ಕಟ್ಟಿಸಿದ್ದರು. ಚುನಾವಣೆಗೆ ನಿಂತವರ ಮುಖವನ್ನು ಯಾರೂ ಎರಡನೇ ಸಲ ನೋಡುವುದಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಫ್ಯಾನ್ ಎಳೆಯುತ್ತಿದ್ದ ರಭಸಕ್ಕೆ ಯಜಮಾನರ ಎರಡೂ ಕೆನ್ನೆ ಒಳಸೇರಿ, ಬಾಯಿ ಸೊಟ್ಟಗಾಗಿ, ಅವರು ಕೈಮುಗಿದುಕೊಂಡೇ ಎಂಜಿನ್ನಿನ ಉಸಿರು ಕಟ್ಟಿಸುತ್ತಿದ್ದರು.

"ಗಾಳಿ ಅಡ್ಡ ಆಗಿರ್ತದೆ ಅಂತ ನಂಗೆ ಆಗ್ಲೇ ಅನುಮಾನ" ಎಂದರು ಮಾರಯ್ಯ.

ಯೋಗೇಶ ಹಗ್ಗ ಕುಯ್ದು ಯಜಮಾನರನ್ನು ಸುತ್ತಿ ಸೀಟಿನ ಹಿಂದೆ ತುರುಕಿದ. ಲಾರಿ ಹೊರಟು ಹತ್ತೇ ನಿಮಿಷದಲ್ಲಿ ಮುಳ್ಳು ಇಳಿಯಿತು. ಎಸಿಯಿಂದ ಬಾಬಾಬುಡನ್‌ಗಿರಿಯ ಡಿಸೆಂಬರ್ ಬೀಸತೊಡಗಿತು. ಜವರಮ್ಮ ಒದ್ದೆ ಸೆರಗನ್ನು ಎಸಿಯ ಗಾಳಿಗೆ ಹಿಡಿದು, ಮಗಳ ಮದುವೆಯಾದ ಒಂಬತ್ತು ವರ್ಷದಲ್ಲಿ ಮೊದಲ ಸಲ, "ಪರವಾಗಿಲ್ಲ ನೀನು" ಎಂದರು.

ಆಗ ಯಜಮಾನರ ಫೋನ್ ಬಂತು. ಯೋಗೇಶ ಸೀಟಿನ ಹಿಂದೆ ತುರುಕಿದ್ದ ಫ್ಲೆಕ್ಸಿನತ್ತ ಒಮ್ಮೆ ನೋಡಿ ಫೋನ್ ಎತ್ತಿದ.

"ಯೋಗೇಶ, ಲಾರಿ ಮುಂದಿನ ನನ್ನ ಫ್ಲೆಕ್ಸ್ ಬಿಚ್ಚಿಬಿಡು ಮಾರಾಯ."

ಯೋಗೇಶನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಬಿಚ್ಚಾಯ್ತು ಯಜಮಾನ್ರೇ."

"ಒಳ್ಳೇದಾಯ್ತು. ನಾನೂ ರುದ್ರೇಶಣ್ಣನೂ ರಾಜಿ ಆದ್ವಿ. ನಾನು ಅಧ್ಯಕ್ಷ, ಅವ್ರು ಉಪಾಧ್ಯಕ್ಷ. ಹೊಸ ಫ್ಲೆಕ್ಸ್ ಹಿಡ್ಕೊಂಡು ಅವ್ರೇ ಮುಂದಿನ ಪೆಟ್ರೋಲ್ ಬಂಕ್ ಹತ್ರ ನಿಂತಿದಾರೆ. ಇಬ್ರ ಮುಖಾನೂ ಇದೆಯಲ್ಲ, ಸ್ವಲ್ಪ ಅಗಲ. ಗಾಳಿಗೆ ಪಟಪಟ ಅನ್ನದ ಹಾಗೆ ಬಿಗಿಯಾಗಿ ಕಟ್ಟು."

"ಯಾರಪ್ಪ ಅದು ಫೋನು?" ಎಂದರು ಜವರಮ್ಮ, ಹಾಯಾಗಿ ಕಣ್ಣು ಮುಚ್ಚಿಕೊಂಡು.

ಯೋಗೇಶ ಅತ್ತೆಯ ಪಕ್ಕದ ಕಿಟಕಿ ಗಾಜನ್ನು ನಿಧಾನವಾಗಿ ಇಳಿಸಿದ.