ಮಡಂತ್ಯಾರಿನ ರೇಡಿಯೋ ಮಹಾಶಯರಿಗೆ, ಹಾಕಿ ಪಂದ್ಯದ ವಿಷಯವಾಗಿ

ಮಡಂತ್ಯಾರು
ಡಿಸೆಂಬರ್ ೧೯೫೮, ಬುಧವಾರ

ಶೀನಪ್ಪನವರ ಹೋಟೆಲಿನಲ್ಲಿ, ಲಾಡಿನ ಕಪಾಟಿನ ಮೇಲೆ, ಕಸೂತಿ ಬಟ್ಟೆ ಹೊದ್ದು ವಿರಾಜಮಾನರಾಗಿರುವ ಮಾನ್ಯ ಬ್ಯಾಟರಿ ರೇಡಿಯೋ ಮಹಾಶಯರೇ,

ತಮ್ಮ ಎರಡು ಗುಂಡಿಗಳಿಗೂ ಒಂದೊಂದು ಸಾಷ್ಟಾಂಗ ನಮಸ್ಕಾರ. ತಾವು ಕ್ಷೇಮವಾಗಿಲ್ಲವೆಂದು ಬಲ್ಲೆ. ಬ್ಯಾಟರಿ ತೀರಿ ಮೂರು ದಿನವಾಯಿತು. ಉತ್ತರ ಕೊಡಲಾಗದವರ ಮೇಲೆ ದೂರು ಬರೆಯುವುದು ಹೇಡಿತನವೆಂದು ಯಾರಾದರೂ ಅಂದಾರು. ಆದರೆ ಜೀವವಿದ್ದಾಗ ತಾವು ಇನ್ನೊಬ್ಬರ ಮಾತಿಗೆ ಎಡೆಗೊಟ್ಟವರೇ ಅಲ್ಲವಾದ್ದರಿಂದ, ನನಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿಲ್ಲ.

ತಮ್ಮ ಸಾಮರ್ಥ್ಯದ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಸಿಲೋನಿನ ಸಿನಿಮಾ ಹಾಡು ತಮ್ಮ ಬಾಯಲ್ಲಿ ಪಕ್ಕದ ಮನೆಯವರು ಹಾಡಿದಷ್ಟು ಸ್ಪಷ್ಟ. ಅಸ್ಸಾಮಿನಲ್ಲಿ ಮೋಡ ಕವಿದರೆ ಮಡಂತ್ಯಾರಿನವರಾದ ನಮಗೆ ಬೆಳಗಿನ ಚಹಾದ ಜೊತೆಗೇ ತಿಳಿಯುತ್ತದೆ. ಅದನ್ನು ನಂಬಿ ನಾನು ಎರಡು ಸಲ ಕೊಡೆ ಹಿಡಿದುಕೊಂಡು ಶಾಲೆಗೆ ಹೋಗಿದ್ದೇನೆ. ಯಾವ ದೇಶದವಳೋ ಒಬ್ಬ ಹೆಂಗಸು ಯಾವ ಭಾಷೆಯಲ್ಲೋ ಕಾಲು ಗಂಟೆ ಯಾರನ್ನೋ ಬೈದದ್ದನ್ನು ಒಂದಕ್ಷರ ಬಿಡದೆ ತಲುಪಿಸಿದ್ದೀರಿ. ಬೊಂಬಾಯಿ ಮಾತ್ರ ತಮಗೆ ದೂರ. ಅಲ್ಲಿಂದ ಬರುವ ಮಾತು ಚಾರ್ಮಾಡಿ ಘಾಟಿಯನ್ನು ಕಾಲ್ನಡಿಗೆಯಲ್ಲಿ ಇಳಿದು, ಕಕ್ಕಿಂಜೆಯಲ್ಲಿ ಕೂತು ಸುಧಾರಿಸಿಕೊಂಡು ಬರುತ್ತದೋ ಏನೋ.

ಕಳೆದ ಆದಿತ್ಯವಾರ ನಾವು ತಮ್ಮಿಂದ ಬಯಸಿದ್ದು ಒಂದೇ ಒಂದು ಹೆಸರು: ಅಬ್ದುಲ್ ಶುಕೂರ್. ಈತ ಇಲ್ಲಿಯ ಒಣಮೀನು ವ್ಯಾಪಾರಿ ಮೂಸಾರವರ ಮಗ. ಶಾಲೆಯ ಅಂಗಳದಲ್ಲಿ ತೆಂಗಿನ ಮಡಲಿನ ಬುಡವನ್ನೇ ಹಾಕಿಯ ಕೋಲಾಗಿ ಮಾಡಿಸಿ ಆಟ ಕಲಿಸಿದವನು ನಾನು. ಮೂರು ವರ್ಷದ ಹಿಂದೆ, ಅಪ್ಪನ ಅಂಗಡಿಯಲ್ಲಿ ಕೂರಬೇಕಾದವನನ್ನು ಬೊಂಬಾಯಿಗೆ ಹೋಗೆಂದು ಹುರಿದುಂಬಿಸಿದವನೂ ನಾನೇ. ಅಲ್ಲಿ ಒಂದು ಕಾರ್ಖಾನೆಯ ಹಾಕಿ ತಂಡದವರು ಆತನನ್ನು ಗೋಲು ಕಾಯುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡರು. ಮೂಸಾರವರು ಇದನ್ನು ನಂಬಲಿಲ್ಲ. ಮಗನ ಕಾಗದ ಬಂದರೆ ಒಡೆಯಲಿಲ್ಲ, ಒಂದು ಸಾಲು ಬರೆಸಲಿಲ್ಲ. “ಚೆಂಡು ತಡೆದರೆ ಯಾರಾದರೂ ಸಂಬಳ ಕೊಡ್ತಾರಾ ಮಾಷ್ಟ್ರೆ? ಅವನು ಅಲ್ಲಿ ಪೋಕರಿ ತಿರುಗ್ತಾ ಇದ್ದಾನೆ. ಅವನ ಹೆಸರು ರೇಡಿಯೋದಲ್ಲಿ ಒಂದು ಸಲ ಬರಲಿ, ಅವತ್ತೇ ಕಾಗದ ಹಾಕ್ತೇನೆ” ಎಂದು ಊರೆದುರು ಹೇಳಿಬಿಟ್ಟಿದ್ದರು. ಹೀಗಾಗಿ ಒಂದು ಮನೆಯ ತಂದೆ ಮಗ ಮಾತಾಡುವುದು ಬಿಡುವುದು ತಮ್ಮ ಬಾಯಲ್ಲಿತ್ತು.

ಆ ತಂಡ ಸೆಮಿಫೈನಲಿಗೆ ಬಂತು, ಪಂದ್ಯದ ವಿವರಣೆ ರೇಡಿಯೋದಲ್ಲಿ ಬರುತ್ತದೆಂದೂ ತಿಳಿಯಿತು. ಶೀನಪ್ಪನವರು ತಮ್ಮ ಬ್ಯಾಟರಿ ಉಳಿಸಲು ವಾರವಿಡೀ ತಮ್ಮನ್ನು ಮೌನವ್ರತದಲ್ಲಿಟ್ಟರು. ಆದಿತ್ಯವಾರ ಸಂಜೆ ನಾಲ್ಕಕ್ಕೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಸಾರವರು ಎಲ್ಲರಿಗಿಂತ ಮುಂದೆ ನಿಂತು, ತಾವು ಓಡಿಹೋಗದ ಹಾಗೆ ತಮ್ಮ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು. ವಿವರಣೆ ಸ್ವಲ್ಪ ಹೊತ್ತು ಇಂಗ್ಲಿಷಿನಲ್ಲಿ, ಸ್ವಲ್ಪ ಹೊತ್ತು ಹಿಂದಿಯಲ್ಲಿ. ಕನ್ನಡದಲ್ಲಿ ತಿಳಿಸಲು ಊರವರು ನನ್ನನ್ನು ಒಮ್ಮತದಿಂದ ಆರಿಸಿದರು, ಏಕೆಂದರೆ ನಾನು ಇಪ್ಪತ್ತು ವರ್ಷದಿಂದ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು.

ಇಲ್ಲಿಯೇ ನನ್ನ ಮುಖ್ಯ ದೂರು. ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ ಹಾಡಿ ನಿಲ್ಲಿಸುತ್ತಾರೆ. ಅರ್ಥಧಾರಿ ಆ ಎರಡು ಸಾಲಿಗೆ ಅರ್ಧ ಗಂಟೆ ಅರ್ಥ ಹೇಳಿದರೂ ತಾಳ ಕೆಳಗಿಟ್ಟು, ವೀಳ್ಯ ಹಾಕಿಕೊಂಡು, ಮುಗಿಯುವ ತನಕ ಕಾಯುತ್ತಾರೆ. ಇದು ಸಂಸ್ಕಾರವಂತರ ಕ್ರಮ. ತಾವೋ, ಚೆಂಡು ಬಲಬದಿಯಿಂದ ಹೊರಟಿತೆಂದು ಒಂದು ವಾಕ್ಯ ಹೇಳಿದಿರಿ; ನಾನು ಆ ಚೆಂಡಿನ ವೇಗವನ್ನು ಗರುಡನಿಗೂ ಆ ಆಟಗಾರನನ್ನು ಅಭಿಮನ್ಯುವಿಗೂ ಹೋಲಿಸಿ, ಚಕ್ರವ್ಯೂಹದ ಒಳಹೊಕ್ಕು, ದುರ್ಯೋಧನನಿಗೆ ನಾಲ್ಕು ಬುದ್ಧಿಮಾತು ಹೇಳಿ ಹೊರಬರುವಷ್ಟರಲ್ಲಿ ತಾವು ಅರ್ಧ ಪಂದ್ಯ ಮುಗಿಸಿದ್ದಿರಿ. ಸಭೆ ಚಪ್ಪಾಳೆ ತಟ್ಟಿತು. ಶೀನಪ್ಪನವರು ಮಾತ್ರ ನನ್ನ ಕಿವಿಯಲ್ಲಿ, “ಎಂಥದು ಮಾಷ್ಟ್ರೆ, ನೀವು ಅಭಿಮನ್ಯುವಿನಲ್ಲಿ ಇರುವಾಗ ಅದು ಶುಕೂರ್ ಶುಕೂರ್ ಅಂತ ಎರಡು ಸಲ ಬೊಬ್ಬೆ ಹಾಕಿತು ಮಾರಾಯ್ರೆ. ನಿಮ್ಮ ಸ್ವರದಲ್ಲಿ ಯಾರಿಗೂ ಕೇಳಲಿಲ್ಲ” ಎಂದರು.

ದ್ವಿತೀಯಾರ್ಧದಲ್ಲಿ ನಾನು ಬಾಯಿ ಮುಚ್ಚಿ ನಿಂತೆ. ತಾವೂ ಮುಚ್ಚಿದಿರಿ. ಮೊದಲು ಸ್ವರ ಕುಗ್ಗಿತು, ಆಮೇಲೆ ಒಗ್ಗರಣೆಯ ಚಟಪಟ, ಆಮೇಲೆ ಅದೂ ಇಲ್ಲ. ಮೂಸಾರವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆದ್ದರಿಂದ, ಮಹಾಶಯರೇ, ತಮ್ಮ ಅನುಮತಿಯಿಲ್ಲದೆ ತಮ್ಮ ಕೆಲಸವನ್ನು ನಾನೇ ವಹಿಸಿಕೊಂಡೆ. ತಮ್ಮ ಹತ್ತಿರ ಕಿವಿಯಿಟ್ಟು ಆಲಿಸಿದಂತೆ ಮಾಡಿ, ಉಳಿದ ಪಂದ್ಯವನ್ನೆಲ್ಲ ಆಡಿಸಿದೆ. ಶುಕೂರ್ ಹನ್ನೊಂದು ಚೆಂಡು ತಡೆದ. ಒಂದನ್ನು ಹಣೆಯಿಂದ ತಡೆದ. ನಮ್ಮವರು ಒಂದು ಗೋಲಿನಿಂದ ಗೆದ್ದರು. ಜನ ಕುಣಿದಾಡಿದರು, ಯಾರಿಗೂ ಸಂಶಯ ಬರಲಿಲ್ಲ, ಮೊದಲಿನಿಂದಲೂ ಅವರು ಕೇಳುತ್ತಿದ್ದದ್ದು ನನ್ನನ್ನೇ ಅಲ್ಲವೇ.

ಎಲ್ಲರೂ ಹೋದ ಮೇಲೂ ಮೂಸಾರವರು ತಮ್ಮ ಬೆನ್ನಿನಿಂದ ಕೈ ತೆಗೆಯಲಿಲ್ಲ. “ಪೆಟ್ಟಿಗೆ ತಣ್ಣಗಾಗಿ ಎಷ್ಟು ಹೊತ್ತಾಯಿತು ಮಾಷ್ಟ್ರೆ?” ಎಂದು ಮೆಲ್ಲಗೆ ಕೇಳಿದರು. ನನಗೆ ಬಹಳ ನಾಚಿಕೆಯಾಯಿತು. ಮೊದಲಿನದ್ದು, ನಂತರದ್ದು, ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಅಂಗಿಯ ಕಿಸೆಯಿಂದ ಒಂದು ಇನ್‌ಲ್ಯಾಂಡ್ ಕಾಗದ ತೆಗೆದರು. ಅದನ್ನು ಶನಿವಾರವೇ ಅಂಚೆಯಲ್ಲಿ ಕೊಂಡಿದ್ದರಂತೆ. “ಬರೆಯಿರಿ. ರೇಡಿಯೋದಲ್ಲಿ ನಿನ್ನ ಹೆಸರು ನನಗೆ ಕೇಳಲಿಲ್ಲ. ಆಟ ಹೇಗಾಯಿತು ಅಂತ ನೀನೇ ಮನೆಗೆ ಬಂದು ಹೇಳು” ಎಂದರು. ಬರೆದೆ. ಸೋಮವಾರದ ಟಪಾಲಿನಲ್ಲಿ ಹೋಗಿದೆ.

ಇನ್ನು ನನ್ನ ಕೆಲವು ಕೋರಿಕೆಗಳು. ಮುಂದೆ ತಾವು ಮಾತಾಡುವಾಗ ಒಂದೊಂದು ವಾಕ್ಯಕ್ಕೂ ನಿಂತು ನನ್ನ ಕಣ್ಸನ್ನೆಗಾಗಿ ಕಾಯಬೇಕು. ಬೊಂಬಾಯಿಯ ಆಟಗಾರರೂ ಆ ಹೊತ್ತು ಕೋಲು ಎತ್ತಿದಲ್ಲೇ ನಿಲ್ಲುವಂತೆ ಏರ್ಪಾಡು ಮಾಡಬೇಕು. ಗೋಲು ಆಗುವ ಮೊದಲು ಅರ್ಥಧಾರಿಯ ಒಪ್ಪಿಗೆ ಪಡೆಯಬೇಕು. ಇಷ್ಟೂ ಕಷ್ಟವೆಂದಾದರೆ ಅಸ್ಸಾಮಿನ ಹವೆಯನ್ನೇ ಮುಂದುವರಿಸಿ. ಅದಕ್ಕೆ ಯಾರೂ ಅರ್ಥ ಕೇಳುವುದಿಲ್ಲ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಲೋಕನಾಥ ಮಾಸ್ತರು

ವಿ.ಸೂ.: ಮಂಗಳೂರಿನ ಪತ್ರಿಕೆ ಇವತ್ತು ನನ್ನ ಕೈಸೇರಿತು. ನಮ್ಮವರು ನಾಲ್ಕು ಗೋಲುಗಳಿಂದ ಸೋತಿದ್ದಾರೆ. ಪತ್ರಿಕೆ ಸದ್ಯ ನನ್ನ ಹಾಸಿಗೆಯ ಅಡಿಯಲ್ಲಿದೆ. ಬರುವ ಆದಿತ್ಯವಾರ ಫೈನಲ್ ಪಂದ್ಯ. ನಮ್ಮ ತಂಡವೇ ಆಡುತ್ತದೆಂದು ನಂಬಿದ ಊರವರು ಹೊಸ ಬ್ಯಾಟರಿ ತರಿಸುತ್ತಿದ್ದಾರೆ, ಅರ್ಥ ಹೇಳಲು ನನಗೇ ಹೇಳಿಕೆ ಬಂದಿದೆ. ತಾವು ಹುಟ್ಟಿದಂದಿನಿಂದ ಯಾರ ಮಾತನ್ನೂ ಕೇಳಿದವರಲ್ಲ. ನನ್ನದೊಂದನ್ನು ಕೇಳಿ: ಅಂದು ದಯಮಾಡಿ ಮತ್ತೊಮ್ಮೆ ಕೆಟ್ಟುಹೋಗಿ.