ಕೆಂಚಿಯ ಎರಡನೇ ಚಾವಿ

ಈ ಸಂಗತಿ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಬೇರೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಮ್ಮೆ ಪೆನ್ನಿನ ರೀಫಿಲ್ ಮುಗಿದಿತ್ತು, ಒಮ್ಮೆ ನಳಕ್ಕೆ ನೀರು ಬಂತು, ಉಳಿದಂತೆ ಸೆಕೆ. ರಾಯಚೂರಿನಲ್ಲಿ ಸೆಕೆಯನ್ನು ನೆಪ ಮಾಡಿಕೊಂಡರೆ ಮನುಷ್ಯ ಹುಟ್ಟಿದಾಗಿನಿಂದ ಸಾಯುವವರೆಗೆ ಏನೂ ಮಾಡದೆ ಇರಬಹುದು! ಆದರೆ ನನಗೂ ವಯಸ್ಸಾಯಿತು. ಇನ್ನು ಮುಂದೂಡಿದರೆ ಹೇಳುವವನೇ ಇರುವುದಿಲ್ಲ. ನಗುವ ಭಾಗ ಮೊದಲು ಹೇಳುತ್ತೇನೆ, ಅದು ಸುಲಭ.

ನಮ್ಮ ಅತ್ತಿಗೆಗೆ, ಅಂದರೆ ತೀರಿಹೋದ ನಮ್ಮಣ್ಣನ ಹೆಂಡತಿಗೆ, ಕಾರು ಓಡಿಸಲು ಬರುವುದಿಲ್ಲ. ಬರುವುದು ಎತ್ತು ಹೊಡೆಯಲು. ಆ ವಿದ್ಯೆಯಿಂದಲೇ ಅವರು ಕಾರನ್ನೂ ಹೊಡೆಯುತ್ತಾರೆ. ಹೆಸರು ಹೇಳುವುದಿಲ್ಲ. ಹೇಳಿದರೆ ದೇವದುರ್ಗದಿಂದ ಫೋನ್ ಬರುತ್ತದೆ, ಆಮೇಲೆ ಅರ್ಧ ದಿನ ನನ್ನ ಕಿವಿ ನನ್ನದಾಗಿರುವುದಿಲ್ಲ.

ಅವರ ಅಪ್ಪ ಮಟಮಾರಿ ಊರಿನವರು, ದನದ ಸಂತೆಯಲ್ಲಿ ದಲ್ಲಾಳಿ. ಮಗಳು ಓದಿ, ದೇವದುರ್ಗದಲ್ಲಿ ಶಾಲೆಯ ಹೆಡ್‌ಮೇಡಮ್ ಆಗಿ ನಿವೃತ್ತಳಾದರೂ ಸಂತೆ ಮಾತ್ರ ಅವಳೊಳಗಿಂದ ನಿವೃತ್ತವಾಗಲಿಲ್ಲ. ನಿವೃತ್ತಿಯ ಮೇಲೆ ಒಂದು ಸಣ್ಣ ಕೆಂಪು ಕಾರು ಕೊಂಡರು, ಅದಕ್ಕೆ ಕೆಂಚಿ ಎಂದು ಹೆಸರಿಟ್ಟರು. ಏರು ಬಂದರೆ, “ಹಾಂ ಯವ್ವಾ, ಇನ್ನೊಂದೀಟು, ಹಾಂ ಹಾಂ!” ಎಂದು ಹುರಿದುಂಬಿಸುವರು. ಊರು ಮುಟ್ಟಿದ ಮೇಲೆ ಇಳಿದು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುವರು. ಕಾರಹುಣ್ಣಿಮೆಗೆ ಎಲ್ಲರೂ ಎತ್ತಿನ ಕೋಡಿಗೆ ಬಣ್ಣ ಬಳಿದರೆ ಇವರು ಕೆಂಚಿಯ ಎರಡೂ ಬದಿಯ ಕನ್ನಡಿಗಳ ಬೆನ್ನಿಗೆ ಬಣ್ಣ ಬಳಿಯುವರು. ಕೋಡಿಲ್ಲದ ಪ್ರಾಣಿಗೆ ಇನ್ನೆಲ್ಲಿ ಬಳಿಯಬೇಕು, ನೀವೇ ಹೇಳಿ?

ಪ್ರತಿ ಭಾನುವಾರ ಕೆಂಚಿಗೆ ಒಂದೇ ದಾರಿ: ದೇವದುರ್ಗದಿಂದ ಸಿರವಾರ, ಸಿರವಾರದಿಂದ ಮಾನ್ವಿ. ಮಾನ್ವಿಯಲ್ಲಿ ಅತ್ತಿಗೆಯ ಅಕ್ಕ ಇದ್ದರು. ಸೊಂಟ ಮುರಿದ ಮೇಲೆ ಅವರ ಓಡಾಟ ಒಳಮನೆಯಿಂದ ಹೊರಗಿನ ಕಟ್ಟೆಯವರೆಗೆ, ಅದೂ ಗೋಡೆ ಹಿಡಿದುಕೊಂಡು. ಅತ್ತಿಗೆ ಕಾರಿನ ಬಾಗಿಲಿಗೆ ಒಂದು ಮಣೆ ಆನಿಸಿ, ಅಕ್ಕನನ್ನು ಅದರ ಮೇಲಿಂದ ಮೆಲ್ಲಗೆ ಸೀಟಿಗೆ ಜಾರಿಸುವರು. ಆಮೇಲೆ ಊರ ಹೊರಗೆ ಬೇವಿನ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಇಬ್ಬರೂ ಮಿರ್ಚಿ ತಿನ್ನುತ್ತ ಜಗಳವಾಡುವರು. ಬಸ್ಸಿನ ಮೆಟ್ಟಿಲು ಹತ್ತಲಾಗದ ಆ ಮುದುಕಿಗೆ ವಾರದಲ್ಲಿ ಹೊರಗಿನ ಗಾಳಿ ಅಂತ ಸಿಗುತ್ತಿದ್ದುದು ಅಷ್ಟೇ.

ಹೀಗಿರುವಾಗ ಅತ್ತಿಗೆಯ ಎಡಗಾಲಿನ ಮೊಣಕಾಲು ಮುನಿಸಿಕೊಂಡಿತು. ಕ್ಲಚ್ ತುಳಿದರೆ ಕಣ್ಣಲ್ಲಿ ನೀರು. ಡಾಕ್ಟರು ಕಾರು ಬಿಡಿ ಎಂದರು. ಅತ್ತಿಗೆ ಡಾಕ್ಟರನ್ನು ಬಿಟ್ಟರು. ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ಕಾರು ಸಿಗುತ್ತದೆಂದೂ, ಹಳೇ ಕಾರು ಕೊಟ್ಟು ಇನ್ನೊಬ್ಬರು ಓಡಿಸಿದ ಕಾರನ್ನು ಕೂತಲ್ಲೇ ಫೋನಿನಲ್ಲಿ ತರಿಸಿಕೊಳ್ಳಬಹುದೆಂದೂ ಯಾರೋ ಹೇಳಿದ್ದರು. ಸರಿ, ನನಗೆ ಕರೆ ಬಂತು.

“ತಮ್ಮಾ, ನಿನ್ನ ಫೋನ್ ದೊಡ್ಡದದ. ಬಾ.”

ನನ್ನ ಫೋನ್ ದೊಡ್ಡದಿರುವುದು ಮೊಮ್ಮಗಳು ತನ್ನ ಹಳೆಯದನ್ನು ಕೊಟ್ಟಿದ್ದರಿಂದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರನಾದವನು. ಜೀವಮಾನ ಪೂರ್ತಿ ಬೇರೆಯವರು ಓಡಿಸುವ ಗಾಡಿಯಲ್ಲಿ ನಿಂತು ಸೀಟಿ ಊದಿದವನು. ನನಗೆ ಕಾರಿನ ವ್ಯವಹಾರ ಏನು ಗೊತ್ತು? ಅದರ ಮೇಲೆ ಆ ಕಂಪನಿಯವರ ನಕ್ಷೆಯಲ್ಲಿ ದೇವದುರ್ಗವೇ ಇರಲಿಲ್ಲ, ರಾಯಚೂರಿನವರೆಗೆ ಮಾತ್ರ ಮುಟ್ಟಿಸುತ್ತಾರಂತೆ. ಹಾಗಾಗಿ ವಿಳಾಸ ನನ್ನದು, ನಂಬರು ನನ್ನದು, ಓಟಿಪಿ ಬರುವುದೂ ನನಗೇ. ಇದನ್ನು ಗಮನದಲ್ಲಿಡಿ.

ಫೋನಿನೊಳಗೆ ಕಾರುಗಳು ಸಾಲಾಗಿ ನಿಂತಿದ್ದವು. ಬೆರಳಿನಿಂದ ತಳ್ಳಿದರೆ ಕಾರು ತನ್ನ ಸುತ್ತ ತಾನೇ ಗರಗರ ತಿರುಗಿ ಎಲ್ಲ ಬದಿಯನ್ನೂ ತೋರಿಸುತ್ತದೆ.

“ಯಾಕ ಹಂಗ ತಿರುಗಿಸಾಕತ್ತಿ? ಪಾಪ, ಅದಕ್ಕ ತಲಿ ಸುತ್ತಂಗಿಲ್ಲೇನು? ನಿಲ್ಲಿಸು!” ಎಂದರು ಅತ್ತಿಗೆ.

ಒಂದು ಬಿಳಿ ಕಾರು ಹಿಡಿಸಿತು. ಕಂಪನಿಯ ಹುಡುಗಿ ಫೋನಿನಲ್ಲಿ ಸಿಕ್ಕಳು. ಬೆಂಗಳೂರಿನ ಮಾತು, ಸಕ್ಕರೆ ಹಾಕಿದ್ದು.

“ಎಷ್ಟು ಹಲ್ಲಿಂದು ಯವ್ವಾ?” ಎಂದರು ಅತ್ತಿಗೆ.

“ಸಾರಿ ಮೇಡಂ?”

“ವಯಸ್ಸು, ವಯಸ್ಸು ಕೇಳಾಕತ್ತಾರ” ಎಂದು ನಾನು ಬಾಯಿ ಹಾಕಿದೆ.

“ಓ! ಹೊಸದೇ ಮೇಡಂ. ಒಬ್ಬರೇ ಓನರ್. ತುಂಬಾ ಚೆನ್ನಾಗಿ ನೋಡ್ಕೊಂಡಿದ್ದಾರೆ.”

“ಚಂದ ನೋಡ್ಕೊಂಡವ್ರು ಯಾಕ ಮಾರಾಕತ್ತಾರವ್ವಾ?”

“ಲೈನಲ್ಲಿರಿ ಮೇಡಂ” ಎಂದವಳು ಹೋಗಿ ಒಂದು ಹಾಡು ಹಚ್ಚಿದಳು. ಇಬ್ಬರೂ ಪೂರ್ತಿ ಕೇಳಿದೆವು. ಹಾಡು ಚೆನ್ನಾಗಿತ್ತು.

ಮತ್ತೆ ಬಂದ ಮೇಲೆ ಅತ್ತಿಗೆ ಇನ್ನೊಂದು ಕೇಳಿದರು: ಕಾರಿನ ಫೋಟೋ ಬೇಡ, ಕಾರು ರಾತ್ರಿಯಿಡೀ ನಿಂತ ನೆಲದ ಫೋಟೋ ಕಳಿಸಬೇಕು. ಎತ್ತು ಕಟ್ಟಿದ ಜಾಗ ನೋಡಿದರೆ ಅದರ ಹೊಟ್ಟೆಯ ಸಂಗತಿ ತಿಳಿಯುತ್ತದಂತೆ. ಆ ಹುಡುಗಿ ಪುಣ್ಯಾತ್ಮಳು, ಮರುದಿನ ಖಾಲಿ ನೆಲದ ಫೋಟೋ ಕಳಿಸಿದಳು. ಒಂದು ಹನಿ ಎಣ್ಣೆ ಇಲ್ಲದ ಸಿಮೆಂಟು. ಅತ್ತಿಗೆ ಅದನ್ನು ಸಾಲಂಕೃತ ಮದುಮಗಳ ಫೋಟೋ ನೋಡುವ ಹಾಗೆ ನೋಡಿ, “ಹೊಟ್ಟಿ ಚೊಕ್ಕ ಅದ” ಎಂದರು.

ಮುಂದೆ ಕೆಂಚಿಯ ಬೆಲೆ. ನಿಮ್ಮ ನಿರೀಕ್ಷೆ ಎಷ್ಟು ಎಂದು ಫೋನ್ ಕೇಳುತ್ತಿತ್ತು. “ಎಷ್ಟು ಬರೀಲಿರಿ ಅತ್ತಿಗಿ?” ಎಂದೆ. ಅವರು ಗಾಬರಿಯಾಗಿ ಬಾಗಿಲ ಕಡೆ ನೋಡಿದರು.

“ಬಾಯಿ ಬಿಟ್ಟು ಹೇಳ್ತಾರೇನೋ ರೇಟ? ಕೈ ಕೊಡು ಇಲ್ಲಿ.”

ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದುಂಟಲ್ಲ, ಹಾಗೆ ನನ್ನ ಕೈಯನ್ನು ಸೆರಗಿನ ಕೆಳಗೆ ಎಳೆದುಕೊಂಡು ಬೆರಳು ಒತ್ತಿದರು. ಆ ಭಾಷೆಯಲ್ಲಿ ಬೆರಳು ಎಂದರೆ ಸಾವಿರವೋ ಹತ್ತು ಸಾವಿರವೋ ಎಂಬುದು ತಿಳಿದವರಿಗೆ ತಿಳಿಯುತ್ತದೆ. ನನಗೆ ತಿಳಿಯಲಿಲ್ಲ. ತಿಳಿದಷ್ಟು ಬರೆದೆ. ಒತ್ತಿದ ಕೂಡಲೇ ಫೋನ್ ಬಂತು. ಹುಡುಗಿಯ ದನಿಯಲ್ಲಿ ಹಬ್ಬ!

“ಸರ್, ನಿಮ್ಮ ರೇಟ್ ನಮಗೆ ಒಪ್ಪಿಗೆ! ಇವತ್ತೇ ಗಾಡಿ ತಗೊಂಡ್ ಹೋಗಬಹುದಾ?”

ನಾನು ಕೆಂಚಿಯನ್ನು ಒಂದು ಸೈಕಲ್ಲಿನ ಬೆಲೆಗೆ ಮಾರಿದ್ದೆ. ಅದನ್ನು ಸರಿಪಡಿಸುವಷ್ಟರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು.

ಆಮೇಲೆ ವಿಡಿಯೋ ಕರೆಯಲ್ಲಿ ಪರೀಕ್ಷೆ. ಕಂಪನಿಯ ಸಾಹೇಬನೊಬ್ಬ ಪರದೆಯೊಳಗಿಂದ ಅಲ್ಲಿ ತೋರಿಸಿ, ಇಲ್ಲಿ ತೋರಿಸಿ ಎನ್ನುತ್ತಿದ್ದ. ನಾನು ಫೋನ್ ಹಿಡಿದು ಕೆಂಚಿಗೆ ಪ್ರದಕ್ಷಿಣೆ ಹಾಕುತ್ತಿದ್ದೆ.

“ಸರ್, ನಿಲ್ಲಿ. ಎರಡೂ ಕನ್ನಡಿಗೆ ಏನೋ ಬಣ್ಣ ಹತ್ತಿದೆಯಲ್ಲ? ಎರಡೂ ಕಡೆ ಆಕ್ಸಿಡೆಂಟ್ ಆಗಿತ್ತಾ?”

“ಆಕ್ಸಿಡೆಂಟ್ ಅಲ್ಲಪಾ, ಕಾರಹುಣ್ಣಿಮಿ!” ಎಂದರು ಅತ್ತಿಗೆ ಹಿಂದಿನಿಂದ. ಸಾಹೇಬ ಅದನ್ನು ಯಾವ ಕಾಲಮ್ಮಿನಲ್ಲಿ ಬರೆದುಕೊಂಡನೋ ದೇವರಿಗೇ ಗೊತ್ತು. ಅಷ್ಟಕ್ಕೇ ಬಿಡದೆ ಅತ್ತಿಗೆ, “ಇದು ಎಡಕ್ಕ ಎಳೀತದ. ಮುಂಜಾನಿ ಒಮ್ಮಿಗೇ ಏಳಂಗಿಲ್ಲ. ಮಳ್ಯಾಗ ಅಂಜತದ” ಎಂದು ಕೆಂಚಿಯ ದುರ್ಗುಣಗಳನ್ನೆಲ್ಲ ತಾವಾಗಿಯೇ ಬಿಚ್ಚಿಟ್ಟರು. ನಾನು ಕೆಮ್ಮಿದೆ, ಫೋನಿನ ಮೇಲೆ ಕೈ ಅಡ್ಡ ಹಿಡಿದೆ. ಉಪಯೋಗವಾಗಲಿಲ್ಲ. ಮಾರುವವರು ಐಬು ಮುಚ್ಚಿದರೆ ಅಪ್ಪನ ಹೆಸರಿಗೆ ಕೆಟ್ಟದ್ದಂತೆ! ಆದರೂ ಸಾಹೇಬ ಒಪ್ಪಿದ. ಕೊನೆಗೆ, “ಎರಡೂ ಚಾವಿ ಇವೆಯಲ್ಲ?” ಎಂದ.

ಇಲ್ಲಿ ಗಾಡಿ ನಿಂತಿತು.

“ಒಂದು ಕೊಡ್ತೀನಿ. ಇನ್ನೊಂದು ಕೊಡಂಗಿಲ್ಲ” ಎಂದರು ಅತ್ತಿಗೆ.

ನಮ್ಮ ಕಡೆ ಎತ್ತು ಮಾರುವವರು ಅದರ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗವೂ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆಂಬ ನಂಬಿಕೆ. ಅವರ ಪಾಲಿಗೆ ಆ ಎರಡನೇ ಚಾವಿ ಕೆಂಚಿಯ ಹಗ್ಗ. ಸಾಹೇಬನಿಗೆ ಇದನ್ನು ವಿವರಿಸಿದೆ. ಆತ ಮೇಲಿನವರನ್ನು ಕೇಳಿ ಹೇಳುತ್ತೇನೆಂದ.

ನಗುವ ಭಾಗ ಇಲ್ಲಿಗೆ ಮುಗಿಯಿತು.

ಆ ವಾರವೇ ರಾಯಚೂರಿನ ಬಸ್ ನಿಲ್ದಾಣದ ಹತ್ತಿರ, ನಮ್ಮ ಹಳೇ ಡ್ರೈವರ್-ಕಂಡಕ್ಟರುಗಳು ಕೂಡುವ ಚಹಾದಂಗಡಿಯಲ್ಲಿ ಒಬ್ಬ ಕೇಳಿದ: “ಏನಪಾ, ನಿಮ್ಮ ಅತ್ತಿಗಿ ಹೊಸಾ ಗಾಡಿ ತರಸಾಕತ್ತಾಳಂತ! ನೀ ಹಿಂದ ಕುಂತು ಸೀಟಿ ಊದ್ತಿ ಏನು?” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಯ ದಾರಿಯಲ್ಲಿ ಆ ನಗು ಎದೆಯಲ್ಲಿ ಉಳಿದುಕೊಂಡಿತು. ಅಷ್ಟರಲ್ಲಿ ಹುಡುಗಿಯ ಫೋನ್ ಬಂತು.

“ಸರ್, ಒಂದೇ ಚಾವಿ ಇದ್ದರೂ ಪರವಾಗಿಲ್ಲ. ಸ್ವಲ್ಪ ಕಡಿಮೆ ಮಾಡ್ಕೋತೀವಿ. ಗಾಡಿ ಕಳಿಸೋಣವಾ?”

“ಬ್ಯಾಡ. ರದ್ದು ಮಾಡಿಬಿಡ್ರಿ” ಎಂದೆ.

“ಕಾರಣ ಸರ್?”

“ಮನಸ್ಸು ಬದಲಾತು.”

ಯಾರ ಮನಸ್ಸು ಎಂದು ಅವಳು ಕೇಳಲಿಲ್ಲ. ಓಟಿಪಿ ಬಂತು, ಕೊಟ್ಟೆ. ಈ ವಯಸ್ಸಿನಲ್ಲಿ ಅತ್ತಿಗೆಗೆ ಏನಾದರೂ ಆದರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಅಂಜಿದ್ದು ಚಹಾದಂಗಡಿಯ ನಗುವಿಗೆ.

ಅತ್ತಿಗೆಗೆ, ಎರಡನೇ ಚಾವಿ ಇಲ್ಲವೆಂದು ಕಂಪನಿಯವರೇ ರದ್ದು ಮಾಡಿದರು ಎಂದೆ. ಅವರು ಸಂದೂಕ ತೆರೆದು ಆ ಚಾವಿ ತೆಗೆದು ನೋಡಿದರು.

“ನಮ್ಮಪ್ಪನ ಪದ್ಧತಿ ನನಗ ಅಡ್ಡ ಬಂತು ನೋಡು, ತಮ್ಮಾ. ನಂದೇ ತಪ್ಪು.”

ಅಷ್ಟೇ ಅಂದರು. ಕೆಂಚಿಗೆ ತಾಡಪತ್ರಿ ಹೊದಿಸಿದರು. ಒಂದೆರಡು ಭಾನುವಾರ ಬಸ್ಸಿನಲ್ಲಿ ಮಾನ್ವಿಗೆ ಹೋಗಿಬಂದರು. ಆಮೇಲೆ ಮೊಣಕಾಲು ಅದಕ್ಕೂ ಒಪ್ಪಲಿಲ್ಲ. ಅಕ್ಕತಂಗಿಯರ ಜಗಳ ಫೋನಿಗೆ ಬಂತು. ಫೋನಿನಲ್ಲಿ ಜಗಳಕ್ಕೆ ರುಚಿಯಿರುವುದಿಲ್ಲ, ಬೇಗ ಮುಗಿದುಹೋಗುತ್ತಿತ್ತು.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಮದುವೆಯೊಂದಕ್ಕೆ ಮಾನ್ವಿಗೆ ಹೋದವನು ಅತ್ತಿಗೆಯ ಅಕ್ಕನ ಮನೆಗೂ ಹೋದೆ. ಮುದುಕಿ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಆ ಮಣೆ.

“ಎಲ್ಲಿಗೆ ಹೊಂಟೀರಿ?” ಎಂದೆ.

“ಎಲ್ಲಿಗಿಲ್ಲಪ್ಪ. ಐತವಾರ ಅಲ್ಲೇನು? ರೂಢಿ” ಎಂದು ನಕ್ಕರು. ಅವರ ಸೊಸೆ ಚಹಾ ತಂದುಕೊಟ್ಟಳು. “ಆ ಬ್ಯಾರೆ ಕಾರು ಬರ್ತದಂತಿದ್ಲು ನನ್ನ ತಂಗಿ. ಯಾಕ ಬರಲಿಲ್ಲಪ್ಪ?”

“ಕಂಪನಿಯವ್ರು ಕೊಡಲಿಲ್ಲರಿ.”

ಅವರು ಮಣೆಯ ಮೇಲಿನ ಧೂಳು ಒರೆಸಿದರು.

“ಪಾಪ, ಅವ್ರ ಕಡೀನೂ ಗಾಡಿ ಕಡಿಮಿ ಇದ್ದಾವೇನೋ.”

ಅಲ್ಲಿಂದ ನಾನು ಮದುವೆಗೆ ಹೋಗಲಿಲ್ಲ. ದೇವದುರ್ಗದ ಬಸ್ಸು ಹತ್ತಿದೆ. ಅತ್ತಿಗೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ, ಚಹಾದಂಗಡಿಯ ಮಾತನ್ನೂ ಬಿಡದೆ. “ತಪ್ಪಾತರಿ ಅತ್ತಿಗಿ” ಎಂದೆ.

“ಜೀವಮಾನ ಪೂರ್ತಿ ಸೀಟಿ ಊದಿ ಗಾಡಿ ನಿಲ್ಲಿಸಿದಿ. ಮನ್ಯಾಗೂ ಅದನ್ನೇ ಮಾಡಿದೇನೋ?” ಎಂದರು. ಆಮೇಲೆ ಇನ್ನೂ ಅಂದರು, ಅದನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ರೊಟ್ಟಿ ಬಡಿಸಿದರು. “ಉಣ್ಣು. ಉಂಡ ಮ್ಯಾಲ ಫೋನ್ ತಗಿ.”

ಮತ್ತೆ ಮೊದಲಿನಿಂದ ಶುರು. ಆ ಬಿಳಿ ಕಾರು ಮಾರಿಹೋಗಿತ್ತು. ಈ ಸಲ ಬೂದು ಬಣ್ಣದ್ದು. ಅತ್ತಿಗೆ ಹಲ್ಲು ಕೇಳಲಿಲ್ಲ, ನೆಲದ ಫೋಟೋ ಕೇಳಲಿಲ್ಲ. ಚಾವಿ ಎಷ್ಟು ಎಂದು ಸಾಹೇಬ ಕೇಳುವ ಮೊದಲೇ ಎರಡನ್ನೂ ಪರದೆಯ ಮುಂದೆ ಹಿಡಿದರು. ಕಾರು ಹೊತ್ತ ಲಾರಿ ಬೆಂಗಳೂರು ಬಿಟ್ಟಿದೆ ಎಂದು ಮೆಸೇಜು ಬಂದ ದಿನವೇ ಮಾನ್ವಿಯಿಂದ ಸೊಸೆಯ ಫೋನ್ ಬಂತು. ಮುಂಜಾನೆ ಚಹಾಕ್ಕೆ ಎಬ್ಬಿಸಲು ಹೋದರೆ ಅತ್ತೆ ಏಳಲಿಲ್ಲವಂತೆ.

ಬಾಡಿಗೆ ಜೀಪಿನಲ್ಲಿ ಮಣ್ಣಿಗೆ ಹೋಗಿಬಂದೆವು. ಬೂದು ಕಾರು ಬಂದ ಮೇಲೆ ಅತ್ತಿಗೆ ಅದನ್ನು ಮೊದಲು ಹೊಡೆದದ್ದು ಅಕ್ಕನ ದಿನದ ಕಾರ್ಯಕ್ಕೆ. ಪಕ್ಕದಲ್ಲಿ ನಾನಿದ್ದೆ. ದಾರಿಯುದ್ದಕ್ಕೂ ಅವರು ಕಾರಿನ ಜೊತೆ ಒಂದು ಮಾತೂ ಆಡಲಿಲ್ಲ. ಅಲ್ಲಿ ಸೊಸೆ ಹೇಳಿದಳು, ಯಾರು ಕೇಳಿದರೂ ಮುದುಕಿ, “ನನ್ನ ತಂಗೀದು ಗಾಡಿ ಕೆಟ್ಟದ, ರಿಪೇರಿ ಆದ ಮ್ಯಾಲ ಬರ್ತಾಳ” ಎನ್ನುತ್ತಿದ್ದರಂತೆ. ಯಾರನ್ನೂ ದೂರಿರಲಿಲ್ಲ.

ಅತ್ತಿಗೆ ಈಗಲೂ ಕಾರು ಹೊಡೆಯುತ್ತಾರೆ, ನನ್ನನ್ನು ಬೈಯುತ್ತಾರೆ, ಬೈದ ಮೇಲೆ ಊಟಕ್ಕೆ ಕರೆಯುತ್ತಾರೆ. ಅವರ ಮುಂದೆ ತಪ್ಪಾಯಿತೆಂದು ಹೇಳಿದ್ದೇನೆ. ಆ ದಿನ ಮಾನ್ವಿಯ ಕಟ್ಟೆಯ ಮೇಲೆ, ಯವ್ವಾ, ಕಾರು ತಪ್ಪಿಸಿದವನು ನಾನೇ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅವರು ಕಂಪನಿಯವರಿಗಾಗಿ ಕನಿಕರಪಟ್ಟರು. ನಾನು ತಲೆ ತಗ್ಗಿಸಿ ಅವರ ಮನೆಯ ಚಹಾ ಕುಡಿದೆ.

ಇಷ್ಟೂ ಹೊತ್ತು ಅವರನ್ನು ಅತ್ತಿಗೆಯ ಅಕ್ಕ ಎಂದೇ ಬರೆದೆ. ಬದುಕಿದ್ದಾಗಲೂ ನನಗೆ ಅವರು ಅಷ್ಟೇ ಆಗಿದ್ದರು. ಅವರಿಗೊಂದು ಹೆಸರಿತ್ತು. ಈರಮ್ಮ.