ಗೌರಿಯ ಕೊಟ್ಟಿಗೆಗೆ ಪೋರ್ಟ್ ತೆರೆದದ್ದು

ಹೆಬ್ಬಾಳದಿಂದ ಚಿಕ್ಕಜಾಲದವರೆಗೆ ಮನೆಮನೆಗೆ ಇಂಟರ್ನೆಟ್ ಹಾಕಿಕೊಡುವುದು ನನ್ನ ಕೆಲಸ. ವೈರು ಕೆಟ್ಟರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ವೈರಿನ ತುದಿಯಲ್ಲಿ ಮನುಷ್ಯರಿರುತ್ತಾರಲ್ಲ, ಹಾಗಾಗಿ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಅದರಲ್ಲಿ ಒಬ್ಬ ಗೌಡರ ಪಾಲೇ ಜಾಸ್ತಿ.

ಗೌಡರ ಹಸು ಗೌರಿ ಚಿಕ್ಕಜಾಲದ ಕೊಟ್ಟಿಗೆಯಲ್ಲಿತ್ತು, ತುಂಬು ಗಬ್ಬ. ಗೌಡರು ಸಹಕಾರನಗರದ ಮಗಳ ಮನೆಯಲ್ಲಿದ್ದರು. ಹೆಂಡತಿಗೆ ಮಂಡಿ ಆಪರೇಷನ್ ಆಗಿತ್ತು, ಬಿಟ್ಟು ಬರುವಂತಿರಲಿಲ್ಲ. ಹಿಂದಿನ ಸಲ ಯಾರೂ ಹತ್ತಿರ ಇಲ್ಲದಾಗ ಗೌರಿ ಈದು ಕರು ಉಳಿದಿರಲಿಲ್ಲ. ಅದನ್ನೆಲ್ಲ ಹೇಳಿ ಗೌಡರು ಅಂದರು:

"ಈ ಸಲ ನನ್ ಕಣ್ಮುಂದೇನೇ ಆಗ್ಬೇಕು ಕಣಪ್ಪ. ಕ್ಯಾಮೆರಾ ಏನೋ ಆಕ್ಸಿದೀನಿ. ಮಗಳ ಮನೇಲಿ ಕೂತ್ರೆ ಫೋನಲ್ಲಿ ಏನೂ ಕಾಣಲ್ಲ."

ಹೊರಗಿನಿಂದ ಕ್ಯಾಮೆರಾ ನೋಡುವ ಪ್ರೋಗ್ರಾಂಗೆ ಕೊಟ್ಟಿಗೆಯ ರೂಟರ್‌ನಲ್ಲಿ ಒಂದು ದಾರಿ ಬಿಡಬೇಕು, ಅದೇ ಪೋರ್ಟ್. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಕಾಯುವುದು ಫೈರ್‌ವಾಲ್. ಅರ್ಧ ಗಂಟೆ ಕೆಲಸ ಅಂದುಕೊಂಡು ಒಪ್ಪಿದೆ.

ರಾಹುಕಾಲ

ಶುಕ್ರವಾರ. ಮಗಳು ರಜೆ ಹಾಕಿ ತಾಯಿಯ ಹತ್ತಿರ ಕೂತಿದ್ದರಿಂದ ಗೌಡರೂ ಕೊಟ್ಟಿಗೆಗೆ ಬಂದಿದ್ದರು. ಹನ್ನೊಂದಕ್ಕೆ ನಾನು ಲ್ಯಾಪ್‌ಟಾಪ್ ಬಿಚ್ಚಿ, "ಪೋರ್ಟ್ ತೆಗೀತೀನಿ ಗೌಡ್ರೇ" ಅಂದೆ. ಗೌಡರು ಪಟ್ಟಂತ ಅದರ ಮೇಲೆ ಕೈಯಿಟ್ಟರು.

"ಅನ್ನೆರಡರ ತನಕ ರಾಹುಕಾಲ. ಬಾಣಂತಿ ಆಗೋಳ ವಿಷ್ಯ ಇದು. ಕೂತ್ಕೋ."

ಕೂತೆ. ಗೌರಿಯ ಅಜ್ಜಿಯ ಕಾಲದಿಂದ ವಂಶಾವಳಿ ಕೇಳಿದೆ. ಹನ್ನೆರಡು ಹೊಡೆದ ಮೇಲೆ ಗೌಡರು ಗೌರಿಯ ಕಡೆ ಒಮ್ಮೆ ನೋಡಿ, "ಊಂ, ಈಗ ತೆಗಿ" ಅಂದರು. ನಾನು ಬೆರಳಿಟ್ಟೆ, ಕರೆಂಟ್ ಹೋಯಿತು. ಮೂರು ಗಂಟೆಯವರೆಗೆ ಬರಲಿಲ್ಲ.

ಗೌಡರು ನಿಟ್ಟುಸಿರು ಬಿಟ್ಟರು. "ಈ ಕರೆಂಟ್ನೋರ ಆಪೀಸಲ್ಲಿ ಒಂದು ಕ್ಯಾಲೆಂಡರೂ ಇಲ್ವಾ?"

ಸುಣ್ಣ

ಕರೆಂಟ್ ಬಂತು. ರೂಟರ್‌ನ ಪಾಸ್‌ವರ್ಡ್ ಕೇಳಿದೆ.

"ಅದ್ಕೇನು, ಓದ್ಸಲ ಹಾಕಿದೋನು ಗೋಡೆ ಮೇಲೇ ಬರ್ದವ್ನೆ" ಎಂದು ಗೌಡರು ಹೆಮ್ಮೆಯಿಂದ ತೋರಿಸಿದರು. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದ ಮನೆಯಿಂದ ಹಾಲು ಕರೆಯಲು ಬರುವ ಅಕ್ಕ ಹಬ್ಬಕ್ಕೆಂದು ಸುಣ್ಣ ಬಳಿದಿದ್ದರು. "ಯಾರೋ ಗೋಡೆ ತುಂಬಾ ಗೀಚಿದ್ರು, ಅದ್ಕೇ ಎರಡು ಸಲ ಬಳ್ದೆ" ಅಂದರು ಪಾಪ.

ರೂಟರ್ ರೀಸೆಟ್ ಮಾಡೋಣವೆಂದರೆ ಆ ಸಣ್ಣ ತೂತಿಗೆ ಆಯುಧಪೂಜೆಯ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ನನ್ನ ಬ್ಯಾಗಿನಲ್ಲಿದ್ದ ಯಾವ ಸಾಮಾನೂ ಒಳಗೆ ಹೋಗಲಿಲ್ಲ. ಕೊನೆಗೆ ಅಕ್ಕನೇ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿದರು, ರೂಟರ್ ಹೊಸದಾಗಿ ಶುರುವಾಯಿತು.

"ಬ್ಯಾಗು ದೊಡ್ಡದು ತಂದಿದೀಯ, ಒಂದು ಪಿನ್ನು ಇಟ್ಕೋಬಾರ್ದೇನಪ್ಪ?" ಅಂದರು. ಅವತ್ತಿಂದ ಎರಡು ಇಟ್ಟುಕೊಂಡಿದ್ದೇನೆ.

ಪರೀಕ್ಷೆ

ಪೋರ್ಟ್ ತೆರೆದೆ, ಫೈರ್‌ವಾಲ್‌ಗೂ ಹೇಳಿದೆ. ಗೌಡರ ಫೋನಿನಲ್ಲಿ ಗೌರಿ ಸ್ಪಷ್ಟವಾಗಿ ಕಂಡಿತು. ಫೋನ್ ನೋಡುವುದು, ಪಕ್ಕದಲ್ಲಿದ್ದ ಗೌರಿಯನ್ನು ನೋಡುವುದು, ಗೌಡರಿಗೆ ಖುಷಿಯೋ ಖುಷಿ. ನಾನೂ ಬೀಗಿದೆ.

ಸಂಜೆ ಸಹಕಾರನಗರದಿಂದ ಫೋನ್. "ಗೌರಿ ಇಲ್ಲ ಕಣೋ! ಬರೀ ಕಪ್ಪು!"

ಆಮೇಲೆ ಹೊಳೆಯಿತು. ಕೊಟ್ಟಿಗೆಯ ವೈಫೈನಲ್ಲೇ ನಿಂತು ನೋಡಿದರೆ ಪೋರ್ಟ್ ಮುಚ್ಚಿದ್ದರೂ ಕಾಣುತ್ತದೆ. ಹೊರಗಿನಿಂದ ನೋಡಿ ಪರೀಕ್ಷಿಸಬೇಕು ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ. ಮಾರನೇ ದಿನ ಹೋಗಿ ನೋಡಿದರೆ ಫೈರ್‌ವಾಲ್‌ಗೆ ಹೇಳಿದ್ದೆ, ಆದರೆ ಸೇವ್ ಒತ್ತಿರಲಿಲ್ಲ. ಒತ್ತಿದೆ, ಸಹಕಾರನಗರದಲ್ಲಿ ಗೌರಿ ಕಂಡಿತು.

ಗೌಡರು ಬೈಯಲಿಲ್ಲ. "ಹೋಗ್ಲಿ ಬಿಡು, ನಿಂಗೂ ರಾಹುಕಾಲ ಇತ್ತು ಅನ್ಸುತ್ತೆ" ಅಂದರು.

ಗೌರಿ

ಅಲ್ಲಿಂದ ಗೌಡರು ಊಟ ತಿಂಡಿಗೂ ಫೋನ್ ಕೆಳಗಿಡಲಿಲ್ಲ. ಕ್ಯಾಮೆರಾದಲ್ಲಿ ಸ್ಪೀಕರ್ ಇದೆ, ಇಲ್ಲಿಂದ ಮಾತಾಡಿದರೆ ಅಲ್ಲಿ ಕೇಳುತ್ತದೆ ಎಂದು ಬಾಯ್ತಪ್ಪಿ ಹೇಳಿದ್ದೆ. ದಿನಾ ಗೌರಿಗೆ ಮೇವು ತಿಂದೆಯಾ, ನೀರು ಕುಡಿದೆಯಾ ಎಂಬ ವಿಚಾರಣೆ ಶುರುವಾಯಿತು.

ಒಂದು ಬೆಳಿಗ್ಗೆ ನಾನು ಚಿಕ್ಕಜಾಲದಲ್ಲೇ ಇದ್ದಾಗ ಗೌಡರ ಫೋನ್. "ಬೇಗ ಹೋಗಪ್ಪ! ಕರು ಬಿದ್ದದೆ! ಗೌರಿ ಅದರ ಕಡೆ ನೋಡ್ತಾನೇ ಇಲ್ಲ! ಆಮೇಲೆ ಏನೂ ಕಾಣ್ತಿಲ್ಲ, ಬರೀ ಕೆಂಪು!"

ಕೈಯಲ್ಲಿದ್ದ ವೈರು ಅಲ್ಲೇ ಬಿಟ್ಟೆ. ಓಡಿದೆ. ಕೊಟ್ಟಿಗೆಯಲ್ಲಿ ಕರು ಒದ್ದೆ ಮೈಯಲ್ಲಿ ನಡುಗುತ್ತಾ ಹುಲ್ಲಿನ ಮೇಲೆ ಬಿದ್ದಿತ್ತು. ಹಾಲಿನ ಅಕ್ಕ ಗೋಣಿಚೀಲದಿಂದ ಅದರ ಮೈ ಒರೆಸುತ್ತಿದ್ದರು. ಗೌರಿ ಮಾತ್ರ ಕರುವಿಗೆ ಬೆನ್ನು ಹಾಕಿ, ಕತ್ತು ಮೇಲೆತ್ತಿ, ಗೋಡೆಯ ಕ್ಯಾಮೆರಾವನ್ನು ಪ್ರೀತಿಯಿಂದ ನೆಕ್ಕುತ್ತಿತ್ತು. ಕ್ಯಾಮೆರಾದ ಒಳಗಿಂದ ಗೌಡರು, "ಗೌರೀ, ನನ್ನವ್ವಾ, ಕರು ನೋಡೇ! ಗೌರೀ!" ಎಂದು ಅಳುತ್ತಿದ್ದರು. ಅವರು ಕರೆದಷ್ಟೂ ಇದು ನೆಕ್ಕುತ್ತಿತ್ತು.

ನಾನು ಫೋನ್ ಮಾಡಿದರೆ ಎತ್ತುತ್ತಿಲ್ಲ. ಎತ್ತಲು ಅವರಿಗೆಲ್ಲಿ ಪುರುಸೊತ್ತು, ಕೂಗುತ್ತಿದ್ದಾರಲ್ಲ! ಕೊನೆಗೆ ಅಷ್ಟು ಒದ್ದಾಡಿ ತೆರೆದ ಪೋರ್ಟನ್ನು ನನ್ನ ಕೈಯಾರೆ ಮುಚ್ಚಿದೆ. ಈ ಸಲ ಮರೆಯದೆ ಸೇವ್ ಒತ್ತಿ ರೂಟರನ್ನೂ ಆರಿಸಿ ಹಾಕಿದೆ.

ಸದ್ದು ನಿಂತಿತು. ಗೌರಿ ಒಂದು ಗಳಿಗೆ ಕಾದು, ಗೋಡೆಯ ಮೇಲೆ ಆಸೆ ಬಿಟ್ಟು, ಹಿಂದಕ್ಕೆ ತಿರುಗಿತು. ಕರುವನ್ನು ನೋಡಿ ಮೆಲ್ಲಗೆ ಹೂಂಕರಿಸಿ ನೆಕ್ಕತೊಡಗಿತು. ಹೆಣ್ಣು ಕರು, ಸ್ವಲ್ಪ ಹೊತ್ತಿನಲ್ಲೇ ನಾಲ್ಕು ಕಾಲಿನ ಮೇಲೆ ತೂರಾಡುತ್ತಾ ನಿಂತಿತು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳೇಕೆ ಹೇಳಲಿ.

ಆಗ ಫೋನ್ ಬಂತು. ಗೌಡರ ಹೆಂಡತಿ. ನಡೆದದ್ದೆಲ್ಲ ಹೇಳಿದೆ. ಗೌಡರ ಕೂಗಿಗೆ ಗೌರಿ ಕರು ಬಿಟ್ಟು ಕ್ಯಾಮೆರಾ ಹಿಡಿದದ್ದು, ನಾನು ಇಲ್ಲಿಂದಲೇ ಅವರ ಮಾತು ನಿಲ್ಲಿಸಿದ್ದು. ಆಕೆ ತಗ್ಗಿದ ದನಿಯಲ್ಲಿ ಕೇಳಿದರು:

"ಅಲ್ಲಪ್ಪಾ, ಅವ್ರ ಮಾತು ನಿಲ್ಸೋಕೆ ಒಂದು ದಾರಿ ಐತೆ ಅಂತ ನಲವತ್ತು ವರ್ಷದಿಂದ ಯಾರೂ ನಂಗೆ ಹೇಳ್ಲಿಲ್ವಲ್ಲ! ನಾಳೆ ಬಂದು ಇಲ್ಲಿಗೂ ಒಂದು ಹಾಕ್ಕೊಟ್ಟು ಹೋಗು. ಸೇವ್ ಒತ್ತೋದು ಮಾತ್ರ ಮರೀಬೇಡ."